ಪಹಣಿಯಲ್ಲಿ 2.20 ಎಂದರೆ ಎಷ್ಟು? ಎಕರೆ, ಗುಂಟೆ, ಆಣೆ ಓದುವ ಕ್ರಮ

ಪಹಣಿಯಲ್ಲಿ 2.20 ಎಂದಿದ್ದರೆ ಅದು ಎರಡೂವರೆ ಎಕರೆ. ಚುಕ್ಕೆಯ ಆಚೆಗಿರುವುದು ದಶಾಂಶವಲ್ಲ, ಗುಂಟೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ರೂಪಾಯಿಯಿಂದ ಆಣೆ 1957ರಲ್ಲೇ ಹೋಯಿತು, ಹೊಲದಿಂದ ಇನ್ನೂ ಹೋಗಿಲ್ಲ.

ಲೆಕ್ಕಕ್ಕೆ ಕೂರುವ ಮೊದಲು ಜಮೀನು ಯಾವ ಜಿಲ್ಲೆಯದೆಂದು ನೋಡಿ. ಹಳೇ ಮೈಸೂರಿನಲ್ಲೂ ಮುಂಬಯಿ ಪ್ರಾಂತದಲ್ಲಿದ್ದ ಜಿಲ್ಲೆಗಳಲ್ಲೂ ಗುಂಟೆ. ಮದ್ರಾಸ್ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಸೆಂಟ್ಸ್, 100ಕ್ಕೆ ಒಂದು ಎಕರೆ. ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿಗೆ ಸೇರಿಸಿದ್ದರಿಂದ ಕಾರವಾರದಲ್ಲಿ ಗುಂಟೆ, ಮಂಗಳೂರಿನಲ್ಲಿ ಸೆಂಟ್ಸ್. ಹಾಗಾಗಿ 0.25 ಎಂಬುದು ಮಂಗಳೂರಿನಲ್ಲಿ 10 ಗುಂಟೆ, ಮಂಡ್ಯದಲ್ಲಿ 25 ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್ ಎಂಬುದೊಂದು ನೆನಪಿದ್ದರೆ ಸಾಕು.

ಕೂಡುವಾಗ ಬಲದಿಂದ ಬನ್ನಿ. 3-28-12ಕ್ಕೆ (3 ಎಕರೆ, 28 ಗುಂಟೆ, 12 ಆಣೆ) 1-35-08 ಸೇರಿಸಬೇಕು ಎನ್ನಿ. ಆಣೆ 20, ಅಂದರೆ ಒಂದು ಗುಂಟೆ ದಶಕ, 4 ಆಣೆ ಉಳಿಕೆ. ಗುಂಟೆ 28, 35, ದಶಕ 1 ಸೇರಿ 64. ಅದರಲ್ಲಿ ಒಂದು ಎಕರೆ ಹೋಗಿ 24. ಒಟ್ಟು 5-24-04. ಎಕ್ಸೆಲ್‌ನಲ್ಲಿ 3.28, 1.35 ಎಂದು ಹಾಕಿದರೆ 4.63 ಬರುತ್ತದೆ. ಅಣ್ಣತಮ್ಮಂದಿರ ಪಾಲುಪಟ್ಟಿ ಕೆಡುವುದು ಹೆಚ್ಚಾಗಿ ಇಲ್ಲೇ. ಎಕ್ಸೆಲ್ಲೇ ಬೇಕೆಂದರೆ ಮೂರಕ್ಕೂ ಬೇರೆ ಬೇರೆ ಕಾಲಂ ಇಟ್ಟು ಎಲ್ಲವನ್ನೂ ಆಣೆಗೆ ಇಳಿಸಿ: ಎಕರೆಗೆ 640, ಗುಂಟೆಗೆ 16.

ಗುಂಟೆ ಹುಟ್ಟಿದ್ದು 33 ಅಡಿಯ ಸರಪಳಿಯಿಂದ. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬಿಬ್ಬರು ಅಧಿಕಾರಿಗಳು 1830ರ ದಶಕದಲ್ಲಿ ಮುಂಬಯಿ ಪ್ರಾಂತದಲ್ಲಿ ಶುರುಮಾಡಿದ ಮೋಜಣಿ (ಸರ್ವೆ) ಪದ್ಧತಿ ಮುಂದೆ ಮೈಸೂರಿಗೂ ಬಂತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, 1,089 ಚದರಡಿ. 30×40ರ ಸೈಟು ಅದಕ್ಕಿಂತ 111 ಚದರಡಿ ದೊಡ್ಡದು.

ಹೊಲದ ಅಳತೆ ಬರೆದಿಟ್ಟ ಹಳೇ ಸರ್ವೆ ಟಿಪ್ಪಣಿಯಲ್ಲಿ ಬದಿಯ ಅಳತೆ 5-8 ಎಂದಿದ್ದರೆ ಐದು ಸರಪಳಿ ಎಂಟು ಆಣೆ, ಅಂದರೆ 181.5 ಅಡಿ. ಇಲ್ಲಿ ಆಣೆ ಉದ್ದದ್ದು: ಎರಡು ಅಡಿಗಿಂತ ತುಸು ಹೆಚ್ಚು. ವಿಸ್ತೀರ್ಣದ ಆಣೆ ಸುಮಾರು 68 ಚದರಡಿ. ಇವೆರಡನ್ನೂ ಒಂದೇ ಎಂದುಕೊಂಡರೆ ಗಡಿಯ ಯಾವ ಬಾಂದುಕಲ್ಲೂ ಸಿಗುವುದಿಲ್ಲ. ಅನುಕೂಲವೂ ಇದೆ: ಆಯತಾಕಾರದ ಹೊಲವಾದರೆ ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ ನೇರ ಗುಂಟೆಯೇ ಬರುತ್ತದೆ. ಐದೂವರೆಗೆ ನಾಲ್ಕು, 22 ಗುಂಟೆ.

ಕೊಳ್ಳುವವರು ಪಹಣಿಯ ಮೂರನೇ ಕಾಲಂನಲ್ಲಿ ಖರಾಬು ನೋಡಲೇಬೇಕು. ‘ಫೂಟ್ ಖರಾಬು’ ಎಂದು ಅಚ್ಚಾಗಿರುವುದರ ‘ಫೂಟ್’ ಇಂಗ್ಲಿಷಿನ ಅಡಿಯಲ್ಲ, ಮರಾಠಿಯ ‘ಪೋಟ್’: ಹೊಟ್ಟೆ. ಹೊಲದ ಹೊಟ್ಟೆಯೊಳಗಿನ ಕೆಟ್ಟ ನೆಲ, ಕಂದಾಯ ಹಾಕದೆ ಬಿಟ್ಟದ್ದು. ‘ಅ’ ಎಂದರೆ ಬಂಡೆಯಂಥ ಸಾಗುವಳಿಗೆ ಬಾರದ ಜಾಗ. ‘ಬ’ ಎಂದರೆ ಹಳ್ಳ, ಬಂಡಿದಾರಿಯಂಥ ಸಾರ್ವಜನಿಕ ಜಾಗ; ಅದಕ್ಕೆ ದುಡ್ಡು ಕೊಡಬೇಡಿ. ಮಾರುವವರು ಒಟ್ಟು ವಿಸ್ತೀರ್ಣ ಹೇಳುತ್ತಾರೆ, ನೀವು ಖರಾಬು ಕಳೆದು ‘ಉಳಿದದ್ದು’ ಹಿಡಿಯಿರಿ. ಒಂಬತ್ತನೇ ಕಾಲಂನ ಹೆಸರುಗಳ ಮುಂದಿನ ವಿಸ್ತೀರ್ಣ ಕೂಡಿದರೆ ಅಷ್ಟೇ ಬರಬೇಕು. ಬರದಿದ್ದರೆ ಅಡ್ವಾನ್ಸ್ ಕೊಡುವ ಮುನ್ನ ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಟ್ಟ ಸರ್ವೆ ದಾಖಲೆ) ನಕಲು ತೆಗೆಸಿ ತಾಳೆ ನೋಡಿ.