ಸೀನು ಬಂದರೆ ತೊಡೆ ಜೋಡಿಸುವವರಿಗೆ ಒಂದು ವ್ಯಾಯಾಮ

ಕಳೆದ ವರ್ಷ ಚಾಲಿ ಅಡಿಕೆ ಸುಲಿಯುವ ಸಮಯ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಅತ್ತೆಯ ಮನೆಯ ಜಗಲಿಯಲ್ಲಿ ನಾಲ್ವರು ಹೆಂಗಸರು ಕತ್ತಿಯ ಮುಂದೆ ಕೂತಿದ್ದರು. ಒಣಗಿದ ಸಿಪ್ಪೆಯ ಧೂಳು ಮೂಗಿಗೆ ಹೋಗಿ ಒಬ್ಬರಿಗೆ ಸೀನು ಬಂತು. ಸೀನುವ ಮೊದಲು ಅವರು ಮಾಡಿದ್ದೇನು ಗೊತ್ತಾ? ಕೈಯಲ್ಲಿದ್ದ ಅಡಿಕೆ ಬಿಟ್ಟು ಎರಡೂ ತೊಡೆ ಗಟ್ಟಿಯಾಗಿ ಜೋಡಿಸಿಕೊಂಡರು. ಆಮೇಲೆ ಸೀರೆ ಸರಿಮಾಡುತ್ತಾ ಒಳಗೆ ಹೋದರು. ಉಳಿದ ಮೂವರು ತಲೆ ಎತ್ತಲಿಲ್ಲ. ವಿಷಯ ಎಲ್ಲರಿಗೂ ಗೊತ್ತಿತ್ತು: ಸೀನಿದರೆ ಮೂತ್ರದ ಹನಿ ಬೀಳುತ್ತದೆ.

ಎರಡನೇ ಹೆರಿಗೆಯ ನಂತರ ನನ್ನದೂ ಇದೇ ಕಥೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಎರಡು ತಿಂಗಳು 'ಕೆಗೆಲ್', ಅಂದರೆ ಮೂತ್ರ ತಡೆಯುವ ಸ್ನಾಯು ಬಿಗಿದು ಬಿಡುವ ವ್ಯಾಯಾಮ, ಮಾಡಿದೆ. ಏನೂ ಆಗಲಿಲ್ಲ. ಕೊನೆಗೆ ಮಂಗಳೂರಿನಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಅವರು ನೋಡಿ ನಕ್ಕರು. "ನೀವು ಮೇಲೆ ಎಳೆಯುತ್ತಿಲ್ಲ, ಕೆಳಗೆ ತಿಣುಕುತ್ತಿದ್ದೀರಿ." ಅಂದರೆ ಎರಡು ತಿಂಗಳು ನಾನು ಮಾಡಿದ್ದು ಪೂರ್ತಿ ಉಲ್ಟಾ!

ಹಾಗಾಗಿ ಎಷ್ಟು ಸಲ ಬಿಗಿಯಬೇಕು ಅನ್ನುವುದು ಆಮೇಲಿನ ಮಾತು. ಯಾವುದನ್ನು ಬಿಗಿಯಬೇಕು, ಹೇಗೆ ಬಿಡಬೇಕು ಅನ್ನುವುದು ಮೊದಲು.

ಎಲ್ಲಿದೆ ಈ ಸ್ನಾಯು?

ಮುಂದಿನ ಗುಹ್ಯದ ಎಲುಬಿನಿಂದ ಹಿಂದೆ ಬಾಲದೆಲುಬಿನವರೆಗೆ ತೊಟ್ಟಿಲ ಜೋಲಿಯ ಹಾಗೆ ಸ್ನಾಯುಗಳು ಹರಡಿಕೊಂಡಿವೆ. ಡಾಕ್ಟರು ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ, ನಾವು ತಳದ ಸ್ನಾಯು ಅನ್ನೋಣ. ಮೂತ್ರಚೀಲ, ಗರ್ಭಕೋಶ, ಗುದದ್ವಾರದ ಮೇಲಿನ ಕರುಳು ಇದರ ಮೇಲೆ ಕೂತಿವೆ. ಬಸುರು, ಹೆರಿಗೆ, ಬಿಡದ ಕೆಮ್ಮು, ಮಲಬದ್ಧತೆ, ಭಾರ ಎತ್ತುವ ಕೆಲಸ, ಮುಟ್ಟು ನಿಲ್ಲುವ ವಯಸ್ಸು, ಇವೆಲ್ಲ ಜೋಲಿಯನ್ನು ಸಡಿಲ ಮಾಡುತ್ತವೆ. ಗಂಡಸರಿಗೂ ಈ ಸ್ನಾಯು ಇದೆ. ಪ್ರಾಸ್ಟೇಟ್ ಆಪರೇಷನ್ ಆದವರಿಗೆ ಹನಿ ಬೀಳುವುದು ಸಾಮಾನ್ಯ, ಅವರಿಗೂ ಇದೇ ವ್ಯಾಯಾಮ.

ಮೊದಲು: ಸಡಿಲವೋ, ಬಿಗಿಯೋ?

ಇದನ್ನು ವಿಡಿಯೋದವರು ಹೇಳುವುದು ಕಡಿಮೆ. ಕೆಲವರಿಗೆ ಈ ಸ್ನಾಯು ಸಡಿಲವಾಗಿರುವುದಿಲ್ಲ, ಸದಾ ಬಿಗಿದುಕೊಂಡಿರುತ್ತದೆ. ಒಂದಕ್ಕೆ ಕೂತರೂ ತಕ್ಷಣ ಬರುವುದಿಲ್ಲ. ಗಂಡ ಹತ್ತಿರ ಬಂದರೆ ನೋವು. ಬಾಲದೆಲುಬಿನ ಸುತ್ತ ನೋವು. ಇಂಥವರು ಮತ್ತೆ ಬಿಗಿಯುವ ವ್ಯಾಯಾಮ ಮಾಡಿದರೆ ತೊಂದರೆ ಜಾಸ್ತಿಯಾಗಬಹುದು. ಅವರು ಕಲಿಯಬೇಕಾದದ್ದು ಬಿಡುವುದನ್ನು.

ಬಿಡುವುದು ಹೀಗೆ. ಚಾಪೆಯ ಮೇಲೆ ಅಂಗಾತ ಮಲಗಿ ಮಂಡಿ ಮಡಚಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ನಿಧಾನ ಉಸಿರು ಎಳೆದಾಗ ಹೊಟ್ಟೆ ಉಬ್ಬುತ್ತದೆ, ತಳದ ಸ್ನಾಯು ಮೆಲ್ಲ ಕೆಳಗಿಳಿಯುತ್ತದೆ. ಉಸಿರು ಬಿಟ್ಟಾಗ ತಾನಾಗಿ ಮೇಲೆ ಬರುತ್ತದೆ. ಐದು ನಿಮಿಷ ಬರೀ ಇಷ್ಟೇ. ಸಡಿಲ ಇರುವವರೂ ಇದರಿಂದಲೇ ಶುರುಮಾಡಿ.

ಸ್ನಾಯು ಹುಡುಕುವುದು

ಮದುವೆ ಊಟದ ಪಂಕ್ತಿಯಲ್ಲಿ ಕೂತಿದ್ದೀರಿ, ಪಕ್ಕದಲ್ಲಿ ಬೀಗರು. ಗ್ಯಾಸ್ ಬರುವ ಹಾಗಾಯಿತು. ಆಗ ಮುಖದಲ್ಲಿ ಏನೂ ತೋರಿಸದೆ ಒಳಗಿಂದೊಳಗೆ ತಡೆಯುತ್ತೀರಲ್ಲ, ಅದೇ ಸ್ನಾಯು. ಹಿಂದಿನಿಂದ ಮುಂದಕ್ಕೆ ಮುಚ್ಚಿ, ಒಳಗೆ, ಮೇಲಕ್ಕೆ ಎಳೆದುಕೊಳ್ಳಿ. ಕುಂಡೆ ಕುಣಿಯಬಾರದು, ತೊಡೆ ಬಿಗಿಯಬಾರದು, ಉಸಿರು ನಿಲ್ಲಬಾರದು. ಸಂಶಯ ಇದ್ದರೆ ಬಾಗಿಲು ಹಾಕಿ ಸಣ್ಣ ಕನ್ನಡಿ ಹಿಡಿದು ನೋಡಿ. ಯೋನಿಗೂ ಗುದಕ್ಕೂ ನಡುವಿನ ಜಾಗ ಒಳಕ್ಕೆ ಹೋದರೆ ಸರಿ. ಹೊರಗೆ ಉಬ್ಬಿದರೆ ನೀವೂ ನನ್ನ ಹಾಗೆ ತಿಣುಕುತ್ತಿದ್ದೀರಿ. ಗಂಡಸರಿಗೆ ವೃಷಣ ಸ್ವಲ್ಪ ಮೇಲೆದ್ದರೆ ಗುರಿ ಸರಿಯಾಗಿದೆ.

1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದ ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್ ಕೂಡ ಬರೀ ಬಾಯಲ್ಲಿ ಹೇಳಿ ಬಿಡಲಿಲ್ಲ. ಬಿಗಿತ ಅಳೆಯಲು ಒಂದು ಉಪಕರಣವನ್ನೇ ಮಾಡಿದ್ದರು. ಕಣ್ಣಿಗೆ ಕಾಣದ ಸ್ನಾಯು, ಕಷ್ಟ ಅಲ್ವಾ?

ಒಂದು ಎಚ್ಚರಿಕೆ: ಮೂತ್ರ ಹೋಗುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ. ಚೀಲ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ.

ಲೆಕ್ಕ

ಉಸಿರು ಬಿಡುತ್ತಾ ಎಳೆಯಿರಿ. ಸಹಜವಾಗಿ ಉಸಿರಾಡುತ್ತಾ ಮೂರು ಎಣಿಸುವವರೆಗೆ ಹಿಡಿಯಿರಿ. ಪೂರ್ತಿ ಬಿಡಿ, ಆರು ಎಣಿಸಿ. ಹೀಗೆ ಎಂಟು ಸಲ. ಆಮೇಲೆ ಎಂಟು ಹತ್ತು ಸಲ ಬೇಗ ಬೇಗ ಎಳೆದು ಬಿಡಿ. ದಿನಕ್ಕೆ ಮೂರು ಹೊತ್ತು. ವಾರಗಳು ಕಳೆದ ಹಾಗೆ ಹಿಡಿಯುವುದನ್ನು ಹತ್ತು ಸೆಕೆಂಡಿಗೆ ಏರಿಸಿ. ಮಲಗಿ ಬಂದರೆ ಕೂತು, ಆಮೇಲೆ ನಿಂತು. ಕಡಿಮೆ ಅಂದರೆ ಮೂರು ತಿಂಗಳು ಬೇಕು. ಮೊದಲ ತಿಂಗಳು ಏನೂ ಗೊತ್ತಾಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನನಗೆ ಏಳನೇ ವಾರಕ್ಕೆ ವ್ಯತ್ಯಾಸ ಕಂಡಿತು.

ಕೆಲಸದ ನಡುವೆ

ಚಾಪೆಯ ಮೇಲೆ ಕಲಿತದ್ದು ಬಾವಿಕಟ್ಟೆಯಲ್ಲಿ ಉಪಯೋಗಕ್ಕೆ ಬರಬೇಕಲ್ಲ. ಕೆಮ್ಮು, ಸೀನು ಬರುವ ಸುಳಿವು ಸಿಕ್ಕಿದ ಕೂಡಲೇ ಮೊದಲು ಸ್ನಾಯು ಎಳೆದುಕೊಳ್ಳಿ, ಆಮೇಲೆ ಸೀನಿ. ತೊಡೆ ಜೋಡಿಸಿದ ಆ ಹೆಂಗಸು ಅಂದಾಜಿನಲ್ಲಿ ಮಾಡಿದ್ದು ಇದನ್ನೇ, ಜಾಗ ಮಾತ್ರ ತಪ್ಪಿತು. ಕೊಡಪಾನ, ಸೊಪ್ಪಿನ ಕಟ್ಟು, ಹಿಂಡಿ ಚೀಲ ಯಾವುದನ್ನೂ ದಮ್ಮು ಕಟ್ಟಿ ಎತ್ತಬೇಡಿ. ಸ್ನಾಯು ಎಳೆದು, ಉಸಿರು ಬಿಡುತ್ತಾ ಎತ್ತಿ. ಕಕ್ಕಸಿನಲ್ಲಿ ತಿಣುಕುವುದೂ ಬೇಡ. ಕಮೋಡ್ ಇದ್ದರೆ ಕಾಲಡಿಗೆ ಒಂದು ಸಣ್ಣ ಮಣೆ ಇಡಿ, ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಸಲೀಸು.

ಬಸ್ಸಿಗೆ ಮುಂಚಿನ 'ಸುಮ್ನೆ ಒಂದಕ್ಕೆ'

ಕುಂಬಳೆಯಿಂದ ಮಂಗಳೂರಿಗೆ ಬಸ್ಸು ಹತ್ತುವ ಮೊದಲು ನಮ್ಮ ಹೆಂಗಸರು ಎರಡು ಕೆಲಸ ಮಾಡುತ್ತಾರೆ. ಬೆಳಗ್ಗಿನಿಂದ ನೀರು ಕುಡಿಯುವುದಿಲ್ಲ. ಹೊರಡುವಾಗ ಬಾರದಿದ್ದರೂ ಸುಮ್ನೆ ಒಂದಕ್ಕೆ ಹೋಗಿ ಬರುತ್ತಾರೆ. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗುವುದಿಲ್ಲ, ತಪ್ಪು ಅವರದ್ದಲ್ಲ. ಆದರೆ ದಿನವೂ ಹೀಗೆ ಮಾಡಿದರೆ ಚೀಲ ಸ್ವಲ್ಪ ತುಂಬಿದರೂ ಅವಸರ ಮಾಡುವುದನ್ನು ಕಲಿಯುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಉರಿ, ಮತ್ತೆ ಅವಸರ.

ಬಿಡಿಸುವ ದಾರಿ: ಮನೆಯಲ್ಲಿರುವ ದಿನ ಅವಸರ ಬಂದರೆ ಓಡಬೇಡಿ. ಕೂತು ಐದಾರು ಸಲ ಬೇಗ ಬೇಗ ಸ್ನಾಯು ಎಳೆದು ಬಿಡಿ, ಅವಸರದ ಅಲೆ ಇಳಿಯುತ್ತದೆ. ಐದು ನಿಮಿಷ ತಡೆದು ಹೋಗಿ. ಮುಂದಿನ ವಾರ ಹತ್ತು ನಿಮಿಷ. ಎರಡೂವರೆ ಮೂರು ಗಂಟೆಯ ಅಂತರ ಬರುವವರೆಗೆ ಮುಂದುವರಿಸಿ. ಚಾ ಕಾಫಿ ಸ್ವಲ್ಪ ಕಡಿಮೆ ಮಾಡಿ ನೋಡಿ, ಪೂರ್ತಿ ಬಿಡಿ ಅಂದರೆ ನಮ್ಮ ಊರಲ್ಲಿ ಯಾರು ಕೇಳುತ್ತಾರೆ!

ಯಾವಾಗ ಹೋಗಬೇಕು, ಏನು ನಡೆಯುತ್ತದೆ

ಮೂತ್ರದಲ್ಲಿ ರಕ್ತ, ಉರಿಯ ಜೊತೆ ಜ್ವರ, ಯೋನಿಯಿಂದ ಗಡ್ಡೆಯಂತೆ ಏನೋ ಕೆಳಗೆ ಬರುವುದು, ಹೆರಿಗೆಯಲ್ಲಿ ಗುದದವರೆಗೆ ಹರಿದಿರುವುದು ಇದ್ದರೆ ವ್ಯಾಯಾಮಕ್ಕೆ ಮುಂಚೆ ಡಾಕ್ಟರು. ಸೊಂಟನೋವಿನ ಜೊತೆ ತೊಡೆಯ ಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿಹೋದರೆ, ತಕ್ಷಣ ಆಸ್ಪತ್ರೆ.

ಫಿಸಿಯೋಥೆರಪಿಯಲ್ಲಿ ಮೊದಲು ತುಂಬಾ ಪ್ರಶ್ನೆ ಕೇಳುತ್ತಾರೆ. ಅಗತ್ಯ ಬಿದ್ದರೆ ಗ್ಲೌಸ್ ಹಾಕಿದ ಬೆರಳಿನಿಂದ ಒಳಗೆ ಮುಟ್ಟಿ ಬಿಗಿತ ನೋಡುತ್ತಾರೆ. ನಿಮ್ಮ ಒಪ್ಪಿಗೆ ಇಲ್ಲದೆ ಇದು ಆಗುವಂತಿಲ್ಲ, ಬೇಡ ಅಂದರೆ ಬೇಡ. ಹೆಂಗಸು ಫಿಸಿಯೋಥೆರಪಿಸ್ಟ್ ಇದ್ದಾರಾ ಅಂತ ಫೋನಿನಲ್ಲೇ ಕೇಳಿ. ಸ್ನಾಯು ಸಿಗದವರಿಗೆ ಪರದೆಯಲ್ಲಿ ಗೆರೆ ಏರುವುದನ್ನು ತೋರಿಸುವ ಯಂತ್ರವೂ ಇದೆ.

ಹೋಗುವ ಮೊದಲು ಮೂರು ದಿನ ಒಂದು ಪುಸ್ತಕದಲ್ಲಿ ಬರೆಯಿರಿ: ಎಷ್ಟು ಲೋಟ ಕುಡಿದಿರಿ, ಎಷ್ಟು ಹೊತ್ತಿಗೆ ಒಂದಕ್ಕೆ ಹೋದಿರಿ, ಯಾವಾಗ ಹನಿ ಬಿತ್ತು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಇದನ್ನೆಲ್ಲ ಹೇಳಲು ಬಾಯಿ ಬಾರದವರಿಗೆ ಆ ಪುಸ್ತಕ ಅರ್ಧ ಕೆಲಸ ಮಾಡಿಕೊಡುತ್ತದೆ. ಭಾಷೆಗೆ ಅಂತ ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಹೋಗಿ. ಪರೀಕ್ಷೆಯ ಹೊತ್ತಿಗೆ ಅವರು ಹೊರಗೆ ಕೂರಲಿ ಅಂತ ಅನ್ನಿಸಿದರೆ ಅದನ್ನೂ ಹೇಳಿಬಿಡಿ.