ಹಟ್ಟಿ ತೇರಿಗೆ ಟವರ್ ಹಾಕುವ ಕೆಲಸ

"ಟವರ್ ಫುಲ್ ಐತೆ, ದುಡ್ಡು ಮಾತ್ರ ಹೋಗ್ತಿಲ್ಲ ಸಾರ್." ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿನಲ್ಲಿ ಮಂಡಕ್ಕಿ ಅಂಗಡಿಯವರು ಪ್ರತಿ ಸಲ ನನಗೆ ಹೇಳುವ ಮಾತಿದು. ಎರಡೂ ನಿಜವೇ. ಫೋನಿನ ಕಡ್ಡಿಗಳು ತೋರಿಸುವುದು ಸಿಗ್ನಲ್ ಎಷ್ಟು ಜೋರಾಗಿದೆ ಅನ್ನೋದನ್ನ. ಸೆಲ್‌ನಲ್ಲಿ, ಅಂದರೆ ಒಂದು ಆಂಟೆನಾ ನೋಡಿಕೊಳ್ಳುವ ವ್ಯಾಪ್ತಿಯಲ್ಲಿ, ಇನ್ನೂ ಜಾಗ ಉಳಿದಿದೆಯಾ ಅನ್ನೋದು ಅದರಿಂದ ಗೊತ್ತಾಗುವುದಿಲ್ಲ.

ವರ್ಷವಿಡೀ ಊರಿಗೆ ಸಾಕಾಗುವ ಟವರ್‌ಗಳ ಮೇಲೆ ಫಾಲ್ಗುಣದ ಆ ದಿನ ಲಕ್ಷಗಟ್ಟಲೆ ಜನ ಬೀಳುತ್ತಾರೆ. ಅದಕ್ಕೇ ನಾವು ಗಾಡಿ ಮೇಲಿನ ಟವರ್ ತರುತ್ತೇವೆ. ಹೊಸ ಹುಡುಗರು ಪವರ್ ಏರಿಸೋಣ ಅನ್ನುತ್ತಾರೆ. ನಾನು ಮಾಡುವುದು ಉಲ್ಟಾ. ಪವರ್ ಇಳಿಸಿ, ಆಂಟೆನಾ ಕೆಳಕ್ಕೆ ಬಾಗಿಸುತ್ತೇನೆ. 4ಜಿಯಲ್ಲಿ ಅಕ್ಕಪಕ್ಕದ ಸೆಕ್ಟರ್‌ಗಳಿಗೆ (ಒಂದೊಂದು ದಿಕ್ಕಿಗೆ ಮುಖ ಮಾಡಿದ ಆಂಟೆನಾದ ಪಾಲಿಗೆ) ಸಾಮಾನ್ಯವಾಗಿ ಒಂದೇ ಫ್ರೀಕ್ವೆನ್ಸಿ. ಒಂದು ಜೋರಾದರೆ ಪಕ್ಕದ್ದು ಕೆಡುತ್ತದೆ. ಒಳಮಠದ ಮುಂದೆ ಒಂದು, ತೇರುಬೀದಿಗೆ ಒಂದು, ಹೊರಮಠದ ಕಡೆಗೆ ಒಂದು ಅಂತ ಚಿಕ್ಕಚಿಕ್ಕದಾಗಿ ಹಂಚಿದರೆ ಅದೇ ಫ್ರೀಕ್ವೆನ್ಸಿ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತದೆ. ಆಂಟೆನಾ ಮಾತ್ರ ಜನರ ತಲೆಗಿಂತ ಚೆನ್ನಾಗಿ ಮೇಲಿರಬೇಕು. ಒತ್ತೊತ್ತಾಗಿ ನಿಂತ ಮೈಗಳು ಸಿಗ್ನಲ್ ತಡೆಯುತ್ತವೆ.

ಇನ್ನು ದುಡ್ಡಿನ ವಿಷಯ. ಯುಪಿಐಗೆ ಬೇಕಾದ ಡೇಟಾ ತೀರಾ ಕಡಿಮೆ. ಆದರೆ ಕಳಿಸುವ ಮೊದಲು ಫೋನು ಟವರ್‌ನ ಕದ ತಟ್ಟಬೇಕು. ಅದಕ್ಕಾಗಿ ಒಂದು ಸೆಲ್‌ನಲ್ಲಿ 64 ಸಂಕೇತಗಳಿವೆ. ಫೋನು ಅದರಲ್ಲಿ ಯಾವುದೋ ಒಂದನ್ನು ಸುಮ್ನೆ ಆರಿಸಿಕೊಳ್ಳುತ್ತದೆ. ಅದೇ ಗಳಿಗೆಯಲ್ಲಿ ಇನ್ನೊಂದು ಫೋನೂ ಅದನ್ನೇ ಆರಿಸಿದರೆ ಡಿಕ್ಕಿ. ಸ್ವಲ್ಪ ಕಾದು ಮತ್ತೆ ತಟ್ಟಬೇಕು. ಅಷ್ಟರಲ್ಲಿ ಆಪ್‌ಗೆ ತಾಳ್ಮೆ ಮುಗಿದಿರುತ್ತದೆ!

ತೇರು ಅಲುಗಿದ ಕೂಡಲೇ ಎಲ್ಲರ ಫೋನೂ ಮೇಲೆ. ಮಾಮೂಲಿ ದಿನ ಡೌನ್‌ಲೋಡ್ ಜಾಸ್ತಿ, ಆ ಹೊತ್ತಿನಲ್ಲಿ ಎಲ್ಲರದ್ದೂ ಅಪ್‌ಲೋಡ್. ಫೋನಿನ ಪವರ್ ಮೊದಲೇ ಕಡಿಮೆ. ಸಾವಿರಾರು ಫೋನು ಒಟ್ಟಿಗೆ ಕಳಿಸತೊಡಗಿದರೆ ಟವರ್ ಕಡೆ ಬರೀ ಗದ್ದಲ. ಆಗ ವಿಡಿಯೊ ತಡವಾಗಲಿ ಬಿಡಿ, ಕಾಲ್ ಕಡಿಯಬಾರದು. ಜಾತ್ರೆಯಲ್ಲಿ ಮಗು ಕೈತಪ್ಪಿದವರು ಮೊದಲು ಮಾಡುವುದು ಕಾಲನ್ನೇ ಅಲ್ವಾ? ಪುಣ್ಯಕ್ಕೆ ವೋಲ್ಟಿಇ, ಅಂದರೆ 4ಜಿ ಮೇಲೆಯೇ ಹೋಗುವ ಕಾಲ್‌ನ ಮಾತಿಗೆ, ನೆಟ್‌ವರ್ಕ್‌ನಲ್ಲೇ ಮಾಮೂಲಿ ಡೇಟಾಗಿಂತ ಹೆಚ್ಚಿನ ಆದ್ಯತೆ ಇದೆ.

ಗಾಡಿಗೆ ಡೀಸೆಲ್ ಜನರೇಟರ್ ಬೇಕು, ಟವರನ್ನು ಮುಖ್ಯ ನೆಟ್‌ವರ್ಕ್‌ಗೆ ಜೋಡಿಸೋಕೆ ಹಿಂದೆ ಫೈಬರ್ ಬೇಕು. ಫೈಬರ್ ಸಿಗದಿದ್ದರೆ ಮೈಕ್ರೋವೇವ್ ಡಿಶ್. ಆ ಹಿಂದಿನ ದಾರಿ ಕಿರಿದಾದರೆ ಮುಂದೆ ಎಷ್ಟು ಸೆಕ್ಟರ್ ಹಾಕಿದರೂ ದಂಡ.

ತೇರು ನಿಂತ ಮೇಲೆ ಜನ ಬಸ್ಸಿನ ಕಡೆ ಹೊರಡುತ್ತಾರೆ, ಲೋಡೂ ಅವರ ಜೊತೆ. ಆಗ ಚಳ್ಳಕೆರೆ ರಸ್ತೆ ಕಡೆಯ ಆಂಟೆನಾವನ್ನು ಸ್ವಲ್ಪ ಮೇಲಕ್ಕೆತ್ತುತ್ತೇನೆ. ಲ್ಯಾಪ್‌ಟಾಪ್‌ನಿಂದಲೇ ಆಗುತ್ತದೆ. ಆ ನೂಕುನುಗ್ಗಲಲ್ಲಿ ಏಣಿ ಹೊತ್ತುಕೊಂಡು ಹೋಗೋಕಾಗುತ್ತಾ?