ಸೈಕಲ್ ಲೈಟಿನ ಬ್ಯಾಟರಿ ಸಾಯೋದು ಎತ್ತಿಟ್ಟ ಕಡೆ: ಮಳೆಗಾಲಕ್ಕೆ ಮುಂಚೆ ಏನ್ ಮಾಡ್ಬೇಕು

ಮಳೆ ಹಿಡ್ಕೊಂಡ್ರೆ ಮಲೆನಾಡು, ಕರಾವಳಿ ಕಡೆ ಎಷ್ಟೋ ಜನ ಸೈಕಲ್ಲನ್ನ ಗೋಡೆಗೆ ಒರಗಿಸಿ ಇಟ್ಬಿಡ್ತಾರೆ, ಲೈಟು ಹ್ಯಾಂಡಲ್ ಮೇಲೇ ಇರುತ್ತೆ. ದಸರಾ ಹೊತ್ತಿಗೆ ಸ್ವಿಚ್ ಒತ್ತಿದ್ರೆ ಒಂದ್ಸಲ ಮಿಣುಕ್ ಅಂದು ಆರುತ್ತೆ, ಚಾರ್ಜಿಗೆ ಹಾಕಿದ್ರೂ ಏಳಲ್ಲ. ಕಂಪನಿ ಸರಿ ಇಲ್ಲ ಅಂತ ಬೈದು ಹೊಸದು ತರ್ತೀವಿ. ಆದ್ರೆ ದಿನಾ ಉಪಯೋಗಿಸಿ ಹಾಳಾಗೋ ಬ್ಯಾಟರಿಗಿಂತ ಖಾಲಿ ಮಾಡಿ ಮರೆತು ಬಿಟ್ಟಿದ್ದು, ಇಲ್ಲಾ ಫುಲ್ ಚಾರ್ಜ್ ಮಾಡಿ ಬಿಸಿ ಜಾಗದಲ್ಲಿ ಇಟ್ಟಿದ್ದೇ ಜಾಸ್ತಿ ಹಾಳಾಗೋದು. ಇದನ್ನ ತಪ್ಪಿಸೋದು ಸುಲಭ.

ಮೊದಲು ನಿಮ್ಮ ಲೈಟಿನೊಳಗೆ ಯಾವ ಬ್ಯಾಟರಿ ಇದೆ ನೋಡ್ಕೊಳ್ಳಿ. ಯುಎಸ್‌ಬಿ ಕೇಬಲ್ ಚುಚ್ಚಿ ಚಾರ್ಜ್ ಮಾಡೋ ಲೈಟಾದ್ರೆ ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಲಿಥಿಯಂ ಇರುತ್ತೆ. ಟಾರ್ಚ್ ತರ ತಿರುಗಿಸಿ ಬಿಚ್ಚೋ ಲೈಟಲ್ಲಿ ಬೆರಳು ಗಾತ್ರದ ಸೆಲ್ ಸಿಗುತ್ತೆ, ಅದ್ರ ಮೇಲೆ 18650 ಅಂತ ಬರೆದಿರುತ್ತೆ, ಅಂದ್ರೆ 18 ಮಿಲಿಮೀಟರ್ ಅಗಲ 65 ಮಿಲಿಮೀಟರ್ ಉದ್ದ, ಇದೂ ಲಿಥಿಯಂ ಅಯಾನೇ. ಹಳೇ ಮಾದರಿ ಲೈಟಿಗೆ ಪೆನ್ಸಿಲ್ ಸೆಲ್ ಸೈಜಿನ ರೀಚಾರ್ಜಬಲ್ ಬರುತ್ತೆ, ಅದು 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್, ಅದ್ರ ಕಥೆ ಬೇರೆ, ಆಮೇಲೆ ಹೇಳ್ತೀನಿ.

ಲಿಥಿಯಂ ಸೆಲ್ ಫುಲ್ ಆದಾಗ 4.2 ವೋಲ್ಟ್ ಇರುತ್ತೆ, 3 ವೋಲ್ಟ್ ಹತ್ರ ಬಂದ್ರೆ ಖಾಲಿ ಅಂತ ಲೆಕ್ಕ. ಎತ್ತಿಡೋವಾಗ ಈ ಎರಡು ತುದೀನೂ ಬೇಡ, ಅರ್ಧ ಚಾರ್ಜಲ್ಲಿ ಇಡಿ. ಬಿಚ್ಚೋಕೆ ಬರೋ ಸೆಲ್ಲಾದ್ರೆ ಒಂದು ಸಾದಾ ಮಲ್ಟಿಮೀಟರ್, ಅಂದ್ರೆ ವೋಲ್ಟ್ ಅಳೆಯೋ ಮೀಟರ್ ತಗೊಳ್ಳಿ, ಬೆಂಗಳೂರಿನ ಎಸ್.ಪಿ. ರೋಡಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಅದ್ರ ಗುಂಡೀನ ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್ ಕಡೆಗೆ, ಕಪ್ಪು ಕಡ್ಡಿ ಚಪ್ಪಟೆ ತಳಕ್ಕೆ ಒತ್ತಿ. 3.7ರಿಂದ 3.8 ಒಳಗೆ ತೋರಿಸಿದ್ರೆ ಎತ್ತಿಡೋಕೆ ಸರಿಯಾಗಿದೆ. ಬಿಚ್ಚೋಕೆ ಆಗದ ಲೈಟಾದ್ರೆ ಫುಲ್ ಚಾರ್ಜ್ ಮಾಡಿ, ಮೀಡಿಯಂ ಮೋಡಲ್ಲಿ ಎಷ್ಟು ಗಂಟೆ ಉರಿಯುತ್ತೆ ಅಂತ ಡಬ್ಬಿ ಮೇಲೆ ಬರೆದಿರುತ್ತಲ್ಲ, ಅದ್ರಲ್ಲಿ ಅರ್ಧ ಹೊತ್ತು ಉರಿಸಿ ಆರಿಸಿ. ಇಷ್ಟು ಅಂದಾಜು ಸಾಕು.

ಮೀಟರಲ್ಲಿ 2.5ಕ್ಕಿಂತ ಕಮ್ಮಿ ಬಂದು ಆ ಸೆಲ್ ಬಹಳ ದಿನ ಹಂಗೇ ಬಿದ್ದಿದ್ರೆ ಅದರ ಆಸೆ ಬಿಡಿ. ಅದಕ್ಕಿಂತ ಇನ್ನೂ ತೀರಾ ಕೆಳಗಿಳಿದ್ರೆ ಒಳಗಿರೋ ತಾಮ್ರದ ಹಾಳೆ ಕರಗೋಕೆ ಶುರುವಾಗುತ್ತೆ, ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಆಗ್ಬೋದು. ಇನ್ನೊಂದು ಬ್ಯಾಟರಿಗೆ ವೈರ್ ತಾಗಿಸಿ ಎಬ್ಬಿಸೋ ವಿಡಿಯೋ ನೋಡಿ ಮನೇಲಿ ಯಾರೂ ಪ್ರಯತ್ನ ಮಾಡ್ಬೇಡಿ, ದಯವಿಟ್ಟು.

ಇನ್ನು ಎಲ್ಲಿ ಇಡೋದು. ಶಾಖನೇ ಇದಕ್ಕೆ ದೊಡ್ಡ ಶತ್ರು. ಸುಮಾರು 40 ಡಿಗ್ರೀಲಿ ಒಂದು ವರ್ಷ ಇಟ್ರೆ ಫುಲ್ ಚಾರ್ಜ್ ಇರೋ ಸೆಲ್ಲು ತನ್ನ ಸಾಮರ್ಥ್ಯದಲ್ಲಿ ಮೂರನೇ ಒಂದು ಭಾಗದಷ್ಟು ಕಳ್ಕೊಳ್ಳುತ್ತೆ ಅಂತ ಲೆಕ್ಕ, ಅರ್ಧದ ಆಸುಪಾಸಲ್ಲಿ ಇರೋದು ಅದ್ರ ಅರ್ಧದಷ್ಟೂ ಕಳ್ಕೊಳ್ಳಲ್ಲ. ಕಲಬುರಗಿ, ರಾಯಚೂರು ಕಡೆ ಬೇಸಿಗೇಲಿ ಹೊರಗೇ 40 ದಾಟುತ್ತೆ, ತಗಡಿನ ಶೆಡ್ಡು, ನಿಲ್ಲಿಸಿದ ಕಾರಿನ ಒಳಗೆ ಇನ್ನೂ ಜಾಸ್ತಿ, ಹಾಗಾಗಿ ಅಲ್ಲಿ ಇಡ್ಲೇಬೇಡಿ. ಮನೆಯೊಳಗೆ ಬಿಸಿಲು ಬೀಳದ ಬೀರು ಸಾಕು, ನೆಲದ ಹತ್ರದ ಖಾನೆ ಆದ್ರೆ ಇನ್ನೂ ಒಳ್ಳೇದು. ಫ್ರೀಜರ್ ಬೇಡ. ಫ್ರಿಜ್ಜೂ ಬೇಡ ಅಂತೀನಿ, ಹೊರಗೆ ತೆಗೆದಾಗ ಮೈಮೇಲೆ ನೀರು ಕೂರುತ್ತೆ.

ಬಿಡಿ ಸೆಲ್ಲನ್ನ ಲೈಟಿಂದ ಹೊರಗೆ ತೆಗೆದು ಪ್ಲಾಸ್ಟಿಕ್ ಕೇಸಲ್ಲಿ ಹಾಕಿ ಇಡಿ, ಯಾಕಂದ್ರೆ ಒತ್ತೋ ಸ್ವಿಚ್ ಇರೋ ಲೈಟುಗಳು ಆಫ್ ಆಗಿದ್ರೂ ಒಳಗಿನ ಸರ್ಕ್ಯೂಟು ಸಣ್ಣಗೆ ಕರೆಂಟ್ ಎಳೀತಾನೇ ಇರುತ್ತೆ, ತಿಂಗಳುಗಟ್ಟಲೆ ಬಿಟ್ರೆ ಅದೇ ಸಾಕು ಖಾಲಿ ಮಾಡೋಕೆ. ಕೇಸಿಲ್ಲದೆ ಜೇಬಲ್ಲಿ ಬೀಗದಕೈ, ಚಿಲ್ಲರೆ ಜೊತೆ ಹಾಕೋದಂತೂ ಬೇಡವೇ ಬೇಡ, ಶಾರ್ಟ್ ಆದ್ರೆ ಬೆಂಕಿ. ರಾತ್ರಿಯಿಡೀ ತುಳಿಯೋ ಬ್ರೆವೆ ಸವಾರರು, ಅಂದ್ರೆ 300 ಕಿಲೋಮೀಟರ್ 20 ಗಂಟೇಲಿ ಮುಗಿಸೋ ಥರದವ್ರು, ಸ್ಪೇರ್ ಸೆಲ್ ಒಯ್ತಾರೆ, ಅವರಿಗೆ ಇದನ್ನ ಎರಡೆರಡು ಸಲ ಹೇಳ್ಬೇಕು. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹರಿದಿರೋ ಸೆಲ್ಲನ್ನೂ ಹಾಕ್ಬೇಡಿ, ಅದ್ರ ಮೈಯೆಲ್ಲಾ ಮೈನಸ್ಸೇ, ಪ್ಲಸ್ ತುದಿ ಸುತ್ತ ಹರಿದಿದ್ರೆ ಶಾರ್ಟ್ ಆಗೋಕೆ ಹೆಚ್ಚು ಹೊತ್ತು ಬೇಡ.

ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ, ಇಳಿದಿದ್ರೆ ಮತ್ತೆ ಅರ್ಧಕ್ಕೆ ತನ್ನಿ. ಫೋನಲ್ಲಿ ರಿಮೈಂಡರ್ ಹಾಕ್ಕೊಳ್ಳಿ.

ದಿನಾ ಓಡಿಸೋವ್ರಿಗೆ ಇಷ್ಟೆಲ್ಲ ಬೇಕಿಲ್ಲ. ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಮಾಡ್ಬೇಕು ಅನ್ನೋದು ಹಳೇ ನಿಕಲ್ ಕ್ಯಾಡ್ಮಿಯಂ ಕಾಲದ ಮಾತು, ಲಿಥಿಯಂಗೆ ಅದು ಕೆಡುಕೇ. ಕೆಂಪು ದೀಪ ಬರೋಕೆ ಮುಂಚೆನೇ ಚಾರ್ಜಿಗೆ ಹಾಕಿ. ಮಳೇಲಿ ನೆಂದು ಬಂದಿದ್ರೆ ಮಾತ್ರ ತಕ್ಷಣ ಹಾಕ್ಬೇಡಿ, ರಬ್ಬರ್ ಮುಚ್ಚಳ ತೆಗೆದು ಪೋರ್ಟ್ ಕೆಳಮುಖ ಮಾಡಿ ಕೊಡವಿ, ಒಂದು ರಾತ್ರಿ ಫ್ಯಾನ್ ಗಾಳಿಗೆ ಇಡಿ. ನೀರಿದ್ದಾಗ ಕರೆಂಟ್ ಹರಿದ್ರೆ ಒಳಗಿನ ಸಣ್ಣ ಪಿನ್ನುಗಳು ಹಸಿರು ಹಿಡಿದು ತಿಂದುಹೋಗುತ್ತೆ, ಆಮೇಲೆ ಬ್ಯಾಟರಿ ಚೆನ್ನಾಗಿದ್ರೂ ಚಾರ್ಜ್ ಹತ್ತಲ್ಲ. ಇನ್ನೊಂದು, ಎರಡೂ ಕಡೆ ಟೈಪ್ ಸಿ ಇರೋ ಕೇಬಲ್ಲಲ್ಲಿ ಚಾರ್ಜ್ ಆಗ್ತಿಲ್ಲ ಅಂದ್ರೆ ಲೈಟು ಕೆಟ್ಟಿದೆ ಅನ್ಕೋಬೇಡಿ, ಕಮ್ಮಿ ರೇಟಿನ ಲೈಟುಗಳಲ್ಲಿ ಅದಕ್ಕೆ ಬೇಕಾದ ಸಣ್ಣ ರೆಸಿಸ್ಟರೇ ಹಾಕಿರಲ್ಲ. ಒಂದು ಕಡೆ ಹಳೇ ಚಪ್ಪಟೆ ಪಿನ್ ಇರೋ ಕೇಬಲ್ಲಲ್ಲಿ ಹಾಕಿ ನೋಡಿ.

ಪೆನ್ಸಿಲ್ ಸೈಜಿನ ನಿಕಲ್ ಸೆಲ್ಲುಗಳು ತಾವಾಗೇ ಇಳೀತವೆ, ಸಾದಾ ಸೆಲ್ಲು ಬೇಗ, ಎನೆಲೂಪ್ ಬ್ರ್ಯಾಂಡ್ ಥರದ್ದು ನಿಧಾನಕ್ಕೆ. ಇವನ್ನ ಫುಲ್ ಮಾಡಿ ಇಟ್ರೂ ತೊಂದ್ರೆ ಇಲ್ಲ. ಗಮನ ಇಡ್ಬೇಕಾಗಿರೋದು ಜೋಡಿ ಮೇಲೆ. ಹಳೇದು ಹೊಸದು ಸೇರಿಸಿದ್ರೆ ಬಡಪಾಯಿ ಸೆಲ್ಲು ಮೊದಲು ಖಾಲಿಯಾಗುತ್ತೆ, ಉಳಿದವು ಅದ್ರೊಳಗೆ ಕರೆಂಟ್ ಉಲ್ಟಾ ನೂಕಿ ಅದನ್ನ ಕೊಲ್ತವೆ. ತಂದ ದಿನವೇ ಮಾರ್ಕರಲ್ಲಿ ಎರಡಕ್ಕೂ ಒಂದೇ ಅಕ್ಷರ ಬರೆದಿಡಿ, ಯಾವಾಗ್ಲೂ ಅವೆರಡನ್ನೇ ಒಟ್ಟಿಗೆ ಹಾಕಿ ಒಟ್ಟಿಗೆ ಚಾರ್ಜ್ ಮಾಡಿ.

ಹೊಸ 18650 ಕೊಳ್ಳೋವಾಗ 9900 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಅಂತ ಬರೆದಿದ್ರೆ ಅಲ್ಲೇ ಬಿಟ್ಟು ಬನ್ನಿ, ಆ ಸೈಜಲ್ಲಿ ಒಳ್ಳೇ ಕಂಪನಿ ಸೆಲ್ಲುಗಳೇ ಸಾಮಾನ್ಯವಾಗಿ 3500 ಆಸುಪಾಸಲ್ಲಿ ನಿಲ್ತವೆ. ತೂಕ ಹಾಕಿದ್ರೂ ಗೊತ್ತಾಗುತ್ತೆ, ಸರಿಯಾದ್ದು ಸುಮಾರು 45 ಗ್ರಾಂ ಮೇಲಿರುತ್ತೆ, ನಕಲಿ ಎಷ್ಟೋ ಸಲ ತೀರಾ ಹಗುರ.

ಬ್ಯಾಟರಿ ಊದಿದ್ರೆ, ಲೈಟಿನ ಜಾಯಿಂಟ್ ಬಿಟ್ಕೊಂಡಿದ್ರೆ, ಚಾರ್ಜಿಗೆ ಹಾಕಿದಾಗ ಮುಟ್ಟೋಕಾಗದಷ್ಟು ಬಿಸಿಯಾಗ್ತಿದ್ರೆ ಅವತ್ತೇ ನಿಲ್ಲಿಸಿ, ಚುಚ್ಚೋದು ಒತ್ತೋದು ಮಾಡ್ಬೇಡಿ. ಬಿಡಿ ಸೆಲ್ಲಾದ್ರೆ ಎರಡು ತುದಿಗೂ ಟೇಪ್ ಸುತ್ತಿ, ಲೈಟಾದ್ರೆ ಹಾಗೇ, ಇ-ವೇಸ್ಟ್ ತಗೊಳ್ಳೋ ಕಡೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲೂ ಇದನ್ನ ಮನೆ ಕಸದ ಜೊತೆ ಸೇರಿಸಬಾರದು ಅಂತ ಇದೆ. ಕಸದ ಲಾರೀಲಿ ಒತ್ತಿ ಕುಗ್ಗಿಸೋವಾಗ ಇದು ಸಿಡಿದ್ರೆ ಸುಟ್ಕೊಳ್ಳೋದು ಅಲ್ಲಿ ಕೆಲ್ಸ ಮಾಡ್ತಿರೋ ಪೌರಕಾರ್ಮಿಕರ ಕೈ.